ಮೇಪಲ್ ಕೆಂಪಾಗಬೇಕಾದರೆ: ಅಮೆರಿಕದ ಹಿತ್ತಲಿಗೊಂದು ಕೈಪಿಡಿ

ಮೇಪಲ್ ಸಸಿ ಆರಿಸಲು ಸರಿಯಾದ ತಿಂಗಳು ಅಕ್ಟೋಬರ್. ಏಪ್ರಿಲ್‌ನಲ್ಲಿ ನರ್ಸರಿಗೆ ಹೋದರೆ ಸಾಲಿನಲ್ಲಿರುವ ಗಿಡಗಳೆಲ್ಲ ಒಂದೇ ಹಸಿರು. ಚೀಟಿಯ ಮೇಲಿನ ಫೋಟೋವನ್ನು ನಂಬಬೇಕು, ಅಷ್ಟೆ. ಅಕ್ಟೋಬರ್ ನಡುವಿಗೆ ಹೋದರೆ ಅದೇ ಸಾಲಿನಲ್ಲಿ ಒಂದು ಗಿಡ ಕುಂಕುಮದ ಹಾಗೆ, ಪಕ್ಕದ್ದು ಅರಿಶಿನದ ಹಾಗೆ, ಮೂರನೆಯದು ಅಂಚು ಕಂದಾದ ಪೇಲವ ಹಳದಿ. ಇದು ಆರೈಕೆಯ ವ್ಯತ್ಯಾಸವಲ್ಲ, ತಳಿಯದು. ಬಣ್ಣದ ಮುಕ್ಕಾಲು ಪಾಲು ನೀವು ದುಡ್ಡು ಎಣಿಸುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಉಳಿದದ್ದು ಬಿಸಿಲು, ಗುಂಡಿಯ ಆಳ ಮತ್ತು ಸೆಪ್ಟೆಂಬರ್‌ನ ನೀರಿಗೆ ಸೇರಿದ್ದು. ಗೊಬ್ಬರಕ್ಕೆ ಇದರಲ್ಲಿ ಪಾಲಿಲ್ಲ. ಇದ್ದರೆ ಕೆಡಿಸುವುದರಲ್ಲಿ ಮಾತ್ರ.

ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಓಹಾಯೊ, ಮಿಶಿಗನ್ ಕಡೆ ಮನೆ ಮಾಡಿ, ಹಿತ್ತಲಲ್ಲೋ ಮುಂದಿನ ಹುಲ್ಲುಹಾಸಿನಲ್ಲೋ ಒಂದು ಮೇಪಲ್ ಬೇಕೆನ್ನುವವರಿಗೆ ಈ ಕೈಪಿಡಿ. ಊರಿನಲ್ಲಿ ತೆಂಗು, ಮಾವು ನೆಟ್ಟು ಪಳಗಿದ ಕೈಗೆ ಇಲ್ಲಿ ಎರಡು ಅಭ್ಯಾಸ ಬಿಡಬೇಕಾಗುತ್ತದೆ. ಆ ಮಾತು ಗುಂಡಿ ತೋಡುವಾಗ ಬರುತ್ತದೆ.

ಕೆಂಪು ಎಲ್ಲಿಂದ ಬರುತ್ತದೆ

ಹಳದಿ ಬಣ್ಣ ಎಲೆಯಲ್ಲಿ ಬೇಸಿಗೆಯುದ್ದಕ್ಕೂ ಇದ್ದೇ ಇರುತ್ತದೆ, ಹಸಿರು ಅದನ್ನು ಮುಚ್ಚಿರುತ್ತದೆ. ಹಗಲು ಮೊಟಕಾಗುತ್ತ ಬಂದಂತೆ ಮರ ಹಸಿರನ್ನು ಒಡೆದು, ಅದರೊಳಗಿನ ಸಾರಜನಕವನ್ನು ಕೊಂಬೆಗೆ ಎಳೆದುಕೊಳ್ಳುತ್ತದೆ. ಆಗ ಹಳದಿ ಬಯಲಾಗುತ್ತದೆ. ಕೆಂಪಿನ ಕಥೆ ಬೇರೆ. ಅದು ಶರತ್ಕಾಲದ ಆ ಎರಡು ಮೂರು ವಾರಗಳಲ್ಲಿ ಹೊಸದಾಗಿ ತಯಾರಾಗಬೇಕು, ಅದಕ್ಕೆ ಎಲೆಯಲ್ಲಿ ಸಕ್ಕರೆ ಬೇಕು. ತೊಟ್ಟಿನ ಬುಡದಲ್ಲಿ ಬೆಂಡಿನಂಥ ಪದರ ಬೆಳೆದು ಸಕ್ಕರೆ ಕೊಂಬೆಗೆ ಹರಿಯುವ ದಾರಿ ಕಟ್ಟಿಕೊಳ್ಳುತ್ತ ಹೋಗುತ್ತದೆ. ಹಗಲು ಒಳ್ಳೆಯ ಬಿಸಿಲಿದ್ದರೆ ಸಕ್ಕರೆ ಹೆಚ್ಚು. ರಾತ್ರಿ ನೀರು ಹೆಪ್ಪುಗಟ್ಟದಷ್ಟು, ಅಂದರೆ 2ರಿಂದ 7 ಡಿಗ್ರಿ ಸೆಲ್ಸಿಯಸ್‌ನಷ್ಟು ಚಳಿ ಇದ್ದರೆ ಅದು ಅಲ್ಲೇ ನಿಲ್ಲುತ್ತದೆ. ಹೀಗೆ ನಿಂತ ಸಕ್ಕರೆಯಿಂದ ಆಗುವ ಬಣ್ಣಕ್ಕೆ ಆಂಥೋಸಯನಿನ್ ಎನ್ನುತ್ತಾರೆ. ಪುನರ್ಪುಳಿ ಶರಬತ್ತಿನ ಕೆಂಪು, ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ, ಯುಗಾದಿ ಹೊತ್ತಿನ ಮಾವಿನ ತಳಿರಿನ ತಾಮ್ರಗೆಂಪು, ಇವೆಲ್ಲ ಅದೇ ಕುಲದವು.

ಹಾಗಾಗಿ ಮೋಡ ಕವಿದ ಅಕ್ಟೋಬರ್‌ನಲ್ಲಿ ಒಳ್ಳೆಯ ತಳಿಯೂ ಮಂಕಾಗುತ್ತದೆ. ಬೇಗ ಬಿದ್ದ ಗಟ್ಟಿ ಹಿಮ ಎಲೆಯನ್ನು ಹಸಿರಿನಿಂದ ನೇರವಾಗಿ ಕಂದಿಗೆ ತಳ್ಳುತ್ತದೆ. ಇವೆರಡೂ ನಮ್ಮ ಕೈಯಲ್ಲಿಲ್ಲ.

ಬೆಂಗಳೂರಿನ ತಾರಸಿಯಲ್ಲಿ ಬೆಳೆಸಬಹುದೇ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಜನವರಿಯಲ್ಲೂ ಅಲ್ಲಿನ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ಚಳಿಗಾಲದ ನಿದ್ದೆ ಇಲ್ಲದೆ ಗಿಡ ಸೊರಗುತ್ತದೆ, ಬಣ್ಣ ದೂರದ ಮಾತು. ಆನ್‌ಲೈನ್‌ನಲ್ಲಿ ಮಾರುವ 'ನೀಲಿ ಮೇಪಲ್' ಬೀಜ ಶುದ್ಧ ಮೋಸ, ನೀಲಿ ಎಲೆಯ ಮೇಪಲ್ ಎಂಬುದೇ ಇಲ್ಲ. ಊರಿನಲ್ಲಿ ಎಲೆ ಕೆಂಪಾಗಿ ಉದುರುವ ಮರ ಬೇಕಿದ್ದರೆ ಬಾದಾಮಿ ಮರ ಹಾಕಿ.

ಯಾವ ಮೇಪಲ್

ಬರೀ 'ರೆಡ್ ಮೇಪಲ್' ಎಂದು ಬರೆದ ಸಸಿ ಕೊಳ್ಳಬೇಡಿ. ಈ ಜಾತಿಯ ಹೂ ಕೆಂಪು, ತೊಟ್ಟು ಕೆಂಪು, ಮೊಗ್ಗು ಕೆಂಪು. ಶರತ್ಕಾಲದ ಎಲೆ ಮಾತ್ರ ಕೆಂಪೇ ಆಗಬೇಕೆಂದಿಲ್ಲ. ಬೀಜದಿಂದೆದ್ದ ಗಿಡ ಹಳದಿಯಾಗಿಬಿಡಬಹುದು. ಚೀಟಿಯ ಮೇಲೆ ತಳಿಯ ಹೆಸರು ಇರಲೇಬೇಕು.

ಅಕ್ಟೋಬರ್ ಗ್ಲೋರಿ 1961ರಲ್ಲಿ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ನರ್ಸರೀಸ್ ಹೊರತಂದ ತಳಿ. ಗಾಢ ಕೆಂಪು, ತಡವಾಗಿ ತಿರುಗುತ್ತದೆ, ತಡವಾಗಿ ಉದುರುತ್ತದೆ. ನ್ಯೂಜೆರ್ಸಿಯಿಂದ ಜಾರ್ಜಿಯಾವರೆಗೆ ಇದಕ್ಕೆ ಸಾಟಿ ಕಡಿಮೆ. ಆದರೆ ಆ ತಡವೇ ಉತ್ತರದಲ್ಲಿ ಕುತ್ತು: ಮಿನ್ನೆಸೋಟದಂಥ ಕಡೆ ಬಣ್ಣ ಬರುವ ಮೊದಲೇ ಹಿಮ ಬಿದ್ದು ಎಲೆ ಸುಟ್ಟಿರುತ್ತದೆ. ಅಂಥಲ್ಲಿ ರೆಡ್ ಸನ್‌ಸೆಟ್ ಒಳ್ಳೆಯದು, ಅದು ಬೇಗ ತಿರುಗುತ್ತದೆ. ಇನ್ನೂ ಚಳಿಯ ಜಾಗಕ್ಕೆ ಮಿನ್ನೆಸೋಟ ವಿಶ್ವವಿದ್ಯಾಲಯದ ನಾರ್ತ್‌ವುಡ್ ಇದೆ.

ಎಲ್ಲ ಅಂಗಡಿಯಲ್ಲೂ ರಾಶಿ ಬಿದ್ದಿರುವುದು ಆಟಮ್ ಬ್ಲೇಜ್. ರೆಡ್ ಮೇಪಲ್‌ಗೂ ಸಿಲ್ವರ್ ಮೇಪಲ್‌ಗೂ ಹುಟ್ಟಿದ ಮಿಶ್ರತಳಿ. ಓಟ ಜೋರು, ಬಣ್ಣವೂ ಚೆನ್ನ. ಆದರೆ ಸಿಲ್ವರ್ ಮೇಪಲ್‌ನ ದುರ್ಬಲ ಕವಲು ಇದಕ್ಕೂ ಬಂದಿದೆ. ಎಳೆಯದರಲ್ಲೇ ಸವರದಿದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೆ ಒಂದು ಬಿರುಗಾಳಿಯಲ್ಲಿ ಮರ ಎರಡಾಗಿ ಸೀಳುತ್ತದೆ. ಸವರುವ ವ್ಯವಧಾನ ಇಲ್ಲದವರು ಇದರ ತಂಟೆಗೆ ಹೋಗದಿರುವುದೇ ಮೇಲು.

ಕ್ರಿಮ್ಸನ್ ಕಿಂಗ್ ಎಂಬುದನ್ನು ಮೇ ತಿಂಗಳಿಂದಲೇ ಎಲೆ ಕೆಂಪಾಗಿದೆ ಎಂದು ಮರುಳಾಗಿ ಕೊಳ್ಳುವವರುಂಟು. ಅದು ನಾರ್ವೆ ಮೇಪಲ್. ಬೇಸಿಗೆಯಿಡೀ ನೇರಳೆಗಪ್ಪು, ಶರತ್ಕಾಲದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಾರ್ವೆ ಮೇಪಲ್ ಕಾಡಿಗೆ ಹಬ್ಬಿ ಸ್ಥಳೀಯ ಮರಗಳನ್ನು ನುಂಗುತ್ತದೆಂದು ಮ್ಯಾಸಚೂಸೆಟ್ಸ್, ನ್ಯೂಹ್ಯಾಂಪ್‌ಷೈರ್‌ಗಳಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ.

ಮಣ್ಣು ನೋಡದೆ ತಳಿ ಗೊತ್ತುಮಾಡುವ ಹಾಗಿಲ್ಲ. ರೆಡ್ ಮೇಪಲ್‌ಗೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 6.5. ಷಿಕಾಗೊ, ಡಲ್ಲಾಸ್ ಸುತ್ತ ಮಣ್ಣಿನಲ್ಲಿ ಸುಣ್ಣ ಹೆಚ್ಚು. ಅಲ್ಲಿ ಇದು ಬದುಕುತ್ತದೆ, ಆದರೆ ಎಲೆ ಜೂನ್‌ನಲ್ಲೇ ಹಳದಿಯಾಗಿರುತ್ತದೆ. ಅಂಥ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ: ನರಗಳು ಮಾತ್ರ ಹಸಿರು ಗೀಟು ಎಳೆದಂತೆ, ನಡುವಿನ ಜಾಗವೆಲ್ಲ ನಿಂಬೆಹಳದಿ. ಅದು ಮ್ಯಾಂಗನೀಸ್ ಕೊರತೆ. ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೂ ಸುಣ್ಣದ ನಡುವೆ ಬೇರಿಗೆ ಅದು ದಕ್ಕುವುದಿಲ್ಲ. ಗಂಧಕ ಸುರಿದು ಮಣ್ಣು ಹುಳಿ ಮಾಡುವುದು ವರ್ಷಗಟ್ಟಲೆಯ ಕೆಲಸ, ಅದೂ ನಿಲ್ಲುವಂಥದ್ದಲ್ಲ. ಟೆಕ್ಸಸ್‌ನಲ್ಲಿ ಶಾಂಟುಂಗ್ ಮೇಪಲ್ ಹಾಕಿ, ಕೆಂಪು ಅದರಲ್ಲೂ ಸಿಗುತ್ತದೆ. ಷಿಕಾಗೊ ಕಡೆ ಹಳದಿಗೆ ಒಪ್ಪುವುದಾದರೆ ಅಲ್ಲಿನ ಮಾರ್ಟನ್ ಆರ್ಬೊರೀಟಮ್ ಎಂಬ ವೃಕ್ಷೋದ್ಯಾನ ಆರಿಸಿದ ಸ್ಟೇಟ್ ಸ್ಟ್ರೀಟ್ ತಳಿ ಗಟ್ಟಿಮುಟ್ಟು. ಮಣ್ಣಿನ ಪರೀಕ್ಷೆಯನ್ನು ಆಯಾ ರಾಜ್ಯದ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಶನ್ (ಕೃಷಿ ವಿಸ್ತರಣಾ) ಕಚೇರಿಯ ಮೂಲಕ ಮಾಡಿಸಬಹುದು, ಖರ್ಚು ಸಸಿಯ ಬೆಲೆಯ ಮುಂದೆ ಏನೂ ಅಲ್ಲ.

ಮರದ ಗಾತ್ರದಲ್ಲಿ ಆಸೆ ಬೇಡ. ಕಾಂಡದ ದಪ್ಪ ಒಂದೂವರೆ ಇಂಚಿನಿಂದ ಎರಡು ಇಂಚು ಸಾಕು. ಚಳಿಯ ಸೀಮೆಯಲ್ಲಿ ಬೇರು ಹೊಸ ನೆಲಕ್ಕೆ ಹೊಂದಿಕೊಳ್ಳಲು ಕಾಂಡದ ಪ್ರತಿ ಇಂಚು ದಪ್ಪಕ್ಕೆ ಒಂದರಿಂದ ಒಂದೂವರೆ ವರ್ಷ ಬೇಕು. ನಾಲ್ಕಿಂಚಿನ ಮರ ತಂದರೆ ಐದು ವರ್ಷ ಕುಂಟುತ್ತದೆ. ಅಷ್ಟರಲ್ಲಿ ಒಂದೂವರೆ ಇಂಚಿನದ್ದು ಅದರ ಸಮಕ್ಕೆ ಬಂದಿರುತ್ತದೆ.

ಜಾಗ

ದಿನಕ್ಕೆ ಆರು ಗಂಟೆ ನೇರ ಬಿಸಿಲು. ಅದಕ್ಕಿಂತ ಕಡಿಮೆಯಾದರೆ ಮರ ಬೆಳೆಯುತ್ತದೆ, ಬಣ್ಣ ಒಂದು ಮಗ್ಗುಲಿಗೆ ಮಾತ್ರ. ರೆಡ್ ಮೇಪಲ್ 40ರಿಂದ 60 ಅಡಿ ಏರುವ ಮರ, ಬೇರು ಮೇಲ್ಮಟ್ಟದಲ್ಲೇ ಹರಿಯುತ್ತದೆ. ಮನೆಯ ಗೋಡೆಯಿಂದ ಕನಿಷ್ಠ 20 ಅಡಿ, ಕಾಲುದಾರಿ ಮತ್ತು ಡ್ರೈವ್‌ವೇಯಿಂದ 8–10 ಅಡಿ ದೂರ ಇರಲಿ, ಇಲ್ಲವಾದರೆ ಕಾಂಕ್ರೀಟ್ ಎತ್ತಿಬಿಡುತ್ತದೆ. ಕಾಂಕ್ರೀಟಿನ ಪಕ್ಕದ ಮಣ್ಣಿಗೆ ಸುಣ್ಣ ಸೋರುತ್ತಿರುತ್ತದೆ ಎಂಬುದೂ ಒಂದು ಕಾರಣ. ರಸ್ತೆ ದೀಪದ ಕೆಳಗೆ ಬೇಡ. ರಾತ್ರಿಯಿಡೀ ಬೆಳಕು ಬಿದ್ದ ಕೊಂಬೆಗೆ ಹಗಲು ಮೊಟಕಾದದ್ದೇ ತಿಳಿಯದೆ, ಆ ಭಾಗ ಮಾತ್ರ ಹಸಿರಾಗಿ ಉಳಿಯುತ್ತದೆ.

ಬದನೆ, ಟೊಮೇಟೊ, ಆಲೂಗಡ್ಡೆ ಬಾಡುರೋಗದಿಂದ ಸತ್ತ ಮಡಿಯ ಜಾಗವಾದರೆ ಅಲ್ಲಿ ಯಾವ ಮೇಪಲನ್ನೂ ಹಾಕಬೇಡಿ. ವರ್ಟಿಸಿಲಿಯಮ್ ಎಂಬ ಶಿಲೀಂಧ್ರ ಆ ತರಕಾರಿಗಳಿಗೂ ಮೇಪಲ್‌ಗೂ ಒಂದೇ, ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಹಿತ್ತಲಲ್ಲಿ ತಪ್ಪದೆ ಬದನೆ ಹಾಕುವ ನಮ್ಮವರು ಇದನ್ನು ಗಮನಿಸಲೇಬೇಕು.

ಗುದ್ದಲಿ ಎತ್ತುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ. ನೆಲದೊಳಗಿನ ಗ್ಯಾಸ್, ವಿದ್ಯುತ್, ಕೇಬಲ್ ಸಾಲುಗಳನ್ನು ಪುಕ್ಕಟೆಯಾಗಿ ಬಣ್ಣದಲ್ಲಿ ಗುರುತಿಸಿಕೊಡುತ್ತಾರೆ. ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಇರುವ ಬಡಾವಣೆಯಾದರೆ ಅವರ ಅನುಮತಿಯೂ ಬೇಕಾದೀತು.

ಗುಂಡಿ

ಕುಂಡದಲ್ಲಿ ಬೆಳೆದ ಸಸಿಯನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ನೆಡಬಹುದು. ನೆಲ ಹೆಪ್ಪುಗಟ್ಟುವ ಮುಂಚೆ ಬೇರಿಗೆ ಆರು ವಾರ ಸಿಗಬೇಕು. ಗೋಣಿಯಲ್ಲಿ ಬೇರುಮುದ್ದೆ ಕಟ್ಟಿ ಕೊಡುವ ರೆಡ್ ಮೇಪಲ್ ವಸಂತದಲ್ಲಿ ನೆಡುವುದು ಕ್ಷೇಮ. ಶರತ್ಕಾಲದಲ್ಲಿ ಅಗೆದು ತೆಗೆದ ಈ ಜಾತಿ ಸಾಯುವುದು ಹೆಚ್ಚು.

ಊರಿನಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ ನೆಡುವುದು ರೂಢಿ. ಬಿಡಬೇಕಾದ ಮೊದಲ ಅಭ್ಯಾಸ ಇದು. ಗೊಬ್ಬರ ಕೊಳೆತು ಕುಸಿದಂತೆ ಮರವೂ ಕೆಳಗಿಳಿಯುತ್ತದೆ. ಜಿಗುಟು ಮಣ್ಣಿನ ನಡುವೆ ಸಡಿಲ ಗೊಬ್ಬರದ ಗುಂಡಿ ಇದ್ದರೆ ನೀರು ಬಂದು ಅಲ್ಲೇ ನಿಲ್ಲುತ್ತದೆ, ಬೇರು ಆ ಮೆತ್ತನೆಯ ಜಾಗ ಬಿಟ್ಟು ಹೊರಗೆ ಹೋಗುವುದೂ ಇಲ್ಲ. ಎರಡನೆಯ ಅಭ್ಯಾಸ ಬುಡಕ್ಕೆ ಮಣ್ಣು ಏರಿಸುವುದು. ಬಾಳೆಗೆ ಅದು ಸರಿ, ಮೇಪಲ್‌ಗೆ ಅದೇ ಕುತ್ತಿಗೆಯ ಹಗ್ಗ.

ಅಳತೆ ಹೀಗೆ: ಅಗಲ ಬೇರುಮುದ್ದೆಯ ಎರಡರಿಂದ ಮೂರು ಪಟ್ಟು, ಆಳ ಬೇರುಮುದ್ದೆಗಿಂತ ಒಂದೆರಡು ಇಂಚು ಕಡಿಮೆ. ಆಳ ಅಳೆಯುವ ಮೊದಲು ಬುಡ ಎಲ್ಲಿದೆ ಎಂದು ಹುಡುಕಬೇಕು. ಕುಂಡದ ಮಣ್ಣಿನ ಮೇಲ್ಮೈಯೇ ಬುಡ ಎಂದುಕೊಂಡು ಜನ ಮೋಸಹೋಗುತ್ತಾರೆ. ಕಾಂಡದ ಪಕ್ಕದಲ್ಲಿ ಬೆರಳಿಳಿಸಿ ಮಣ್ಣು ಕೆದರುತ್ತ ಹೋಗಿ. ಕಾಂಡ ಕಂಬದ ಹಾಗೆ ನೆಟ್ಟಗೆ ಮಣ್ಣಿಗೆ ಇಳಿದಿದ್ದರೆ ಇನ್ನೂ ಕೆಳಗೆ ಹೋಗಬೇಕು ಎಂದರ್ಥ. ಎರಡಿಂಚು, ಕೆಲವೊಮ್ಮೆ ನಾಲ್ಕಿಂಚು ಕೆಳಗೆ ಕಾಂಡ ಆನೆಯ ಪಾದದಂತೆ ಅಗಲವಾಗಿ, ಬೆರಳಿಗೆ ಮೊದಲ ದಪ್ಪ ಬೇರು ತಾಗುತ್ತದೆ. ಇಲ್ಲಿನವರು ರೂಟ್ ಫ್ಲೇರ್ ಎನ್ನುವುದು ಇದನ್ನೇ. ಅದರ ಮೇಲಿನ ಮಣ್ಣು, ಅದರಲ್ಲಿ ಎದ್ದ ಕೂದಲಿನಂಥ ಬೇರು ಎಲ್ಲ ತೆಗೆದುಹಾಕಿ. ನೆಟ್ಟು ಮುಗಿಸಿದಾಗ ಆ ಅಗಲ ಜಾಗ ನೆಲಮಟ್ಟಕ್ಕಿಂತ ಒಂದಿಂಚು ಮೇಲೆ, ಕಣ್ಣಿಗೆ ಕಾಣುವಂತಿರಬೇಕು.

ಕುಂಡದಲ್ಲಿ ಸುತ್ತು ಹಾಕಿದ ಬೇರು ನೆಲಕ್ಕೆ ಬಂದ ಮೇಲೂ ಸುತ್ತುತ್ತಲೇ ಇರುತ್ತದೆ. ಹತ್ತು ವರ್ಷದ ಮೇಲೆ ಅದು ದಪ್ಪವಾಗಿ ಕಾಂಡವನ್ನೇ ಹಿಸುಕುತ್ತದೆ. ಮೇಪಲ್ ಈ ವಿಷಯದಲ್ಲಿ ಕುಖ್ಯಾತ. ಆದ್ದರಿಂದ ಗರಗಸ ಹಿಡಿದು ಬೇರುಮುದ್ದೆಯ ಸುತ್ತಲೂ, ತಳದಲ್ಲೂ ಒಂದಿಂಚು ಹೆರೆದುಬಿಡಿ. ನೋಡಲು ಕ್ರೂರ, ಗಿಡಕ್ಕೆ ಒಳ್ಳೆಯದು. ಗೋಣಿಮುದ್ದೆಯಾದರೆ ಗುಂಡಿಯಲ್ಲಿ ಇಳಿಸಿದ ಮೇಲೆ ಹಗ್ಗ ಪೂರ್ತಿ, ಗೋಣಿ ಮತ್ತು ತಂತಿ ಬುಟ್ಟಿಯ ಮೇಲರ್ಧ ಕತ್ತರಿಸಿ ತೆಗೆಯಿರಿ.

ತೆಗೆದ ಮಣ್ಣನ್ನೇ ಮತ್ತೆ ತುಂಬಿ. ತುಳಿದು ಗಟ್ಟಿ ಮಾಡುವುದು ಬೇಡ, ನೀರು ಬಿಟ್ಟರೆ ಅದೇ ಕೂರುತ್ತದೆ. ಬೇರುಮುದ್ದೆಯ ಅಂಚಿನಲ್ಲಿ ಮೂರಿಂಚು ಎತ್ತರದ ಪಾತಿ ಕಟ್ಟಿ. ಊರಿನ ಈ ಅಭ್ಯಾಸ ಇಲ್ಲಿಯೂ ಸರಿ. ಮೇಲೆ ಮರದ ಚೂರಿನ ಹೊದಿಕೆ, ಅಂದರೆ ಮಲ್ಚ್, ಎರಡರಿಂದ ಮೂರು ಇಂಚು ದಪ್ಪ, ಸುತ್ತ ಮೂರಡಿ. ಕಾಂಡದಿಂದ ನಾಲ್ಕಿಂಚು ಬಿಟ್ಟು ಹರಡಿ. ಬೀದಿಯಲ್ಲಿ ನೋಡುತ್ತೀರಲ್ಲ, ಕಾಂಡಕ್ಕೆ ಹುತ್ತದ ಹಾಗೆ ಒಟ್ಟಿದ ಮಲ್ಚ್, ಅದು ಕಾಸು ಕೊಟ್ಟು ತೊಗಟೆ ಕೊಳೆಸುವ ಕೆಲಸ. ಗಾಳಿ ಜೋರಿಲ್ಲದ ಕಡೆ ಕೋಲು ಕಟ್ಟಬೇಕಿಲ್ಲ. ಕಟ್ಟಿದರೆ ಒಂದು ವರ್ಷಕ್ಕೆ ಬಿಚ್ಚಿ.

ನೀರು, ಗೊಬ್ಬರ, ಕತ್ತರಿ

ಕಾಂಡದ ಪ್ರತಿ ಇಂಚು ದಪ್ಪಕ್ಕೆ ಒಂದೂವರೆ ಗ್ಯಾಲನ್ ಎಂದು ಲೆಕ್ಕ. ಎರಡಿಂಚಿನ ಗಿಡಕ್ಕೆ ಸಲಕ್ಕೆ ಮೂರು ಗ್ಯಾಲನ್. ಮೊದಲ ಎರಡು ವಾರ ದಿನಾ, ಹನ್ನೆರಡನೆಯ ವಾರದವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಐದು ಗ್ಯಾಲನ್ ಬಕೆಟ್ಟಿನ ತಳದಲ್ಲಿ ಮೊಳೆಯಷ್ಟು ಸಣ್ಣ ತೂತು ಕೊರೆದು ಬುಡದ ಪಕ್ಕ ಇಟ್ಟರೆ ನೀರು ನಿಧಾನವಾಗಿ ಇಳಿಯುತ್ತದೆ. ಹುಲ್ಲಿನ ಸ್ಪ್ರಿಂಕ್ಲರ್ ನೀರು ಲೆಕ್ಕಕ್ಕಿಲ್ಲ, ಅದು ಮೇಲಿನ ಒಂದೆರಡು ಇಂಚು ಮಾತ್ರ ನೆನೆಸುತ್ತದೆ. ಮಳೆ ಬರಲಿ ಬಾರದಿರಲಿ, ವಾರಕ್ಕೊಮ್ಮೆ ಮಣ್ಣಿಗೆ ನಾಲ್ಕಿಂಚು ಬೆರಳು ಅಥವಾ ಕಡ್ಡಿ ಇಳಿಸಿ ನೋಡಿ. ಹಸಿ ಇದ್ದರೆ ನೀರು ಬೇಡ.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ನೀರಿನ ವಿಷಯದಲ್ಲಿ ಎಚ್ಚರ ಬೇಕು. ಆ ಹೊತ್ತಿಗೆ ಒಣಗಿದರೆ ಎಲೆ ಅಂಚು ಸುಟ್ಟು, ಬಣ್ಣ ಕಟ್ಟುವ ಮುಂಚೆಯೇ ಉದುರುತ್ತದೆ.

ಗೊಬ್ಬರ ಮೊದಲ ವರ್ಷ ಬೇಡವೇ ಬೇಡ. ಆಮೇಲೂ ವರ್ಷಕ್ಕೆ ಚಿಗುರು ಆರಿಂಚಿಗಿಂತ ಕಡಿಮೆ ಬೆಳೆಯುತ್ತಿದ್ದರೆ ಮಾತ್ರ, ಅದೂ ಮಣ್ಣಿನ ಪರೀಕ್ಷೆ ನೋಡಿ, ವಸಂತದಲ್ಲಿ. ಆಗಸ್ಟಿನಲ್ಲಿ ಹುಲ್ಲಿಗೆ ಹಾಕಿದ ಸಾರಜನಕ ಮೇಪಲ್ ಬೇರಿಗೂ ಸಿಗುತ್ತದೆ. ಆಗ ಮರ ಹಸಿರನ್ನು ಬಿಟ್ಟುಕೊಡಲು ಒಲ್ಲದು. ಹುಲ್ಲಿನ ಕಳೆನಾಶಕ ಬೆರೆಸಿದ ಗೊಬ್ಬರದಲ್ಲಿ ಡೈಕಾಂಬಾ ಎಂಬ ಕಳೆನಾಶಕ ಇದೆಯೇ ಎಂದು ಚೀಲದ ಹಿಂಬದಿ ಓದಿ. ಅದು ಬೇರಿನ ಮೂಲಕ ಮರಕ್ಕೆ ಏರುತ್ತದೆ, ಎಲೆ ಬಟ್ಟಲಿನಂತೆ ಮುರುಟುತ್ತದೆ.

ಸವರುವ ಕೆಲಸ ಮೊದಲ ಐದಾರು ವರ್ಷದ್ದು. ಗುರಿ ಒಂದೇ: ನಡುವೆ ಒಂದೇ ಮುಖ್ಯ ಕಾಂಡ ಉಳಿಯಬೇಕು. ಎರಡು ಸಮ ಬಲದ ಕೊಂಬೆ ಇಂಗ್ಲಿಷ್ ವಿ ಅಕ್ಷರದ ಹಾಗೆ ಎದ್ದು, ನಡುವೆ ತೊಗಟೆ ಒಳಕ್ಕೆ ಮಡಿಚಿಕೊಂಡಿದ್ದರೆ ಅಲ್ಲಿ ಮರಕ್ಕೆ ಮರ ಕೂಡಿರುವುದಿಲ್ಲ. ಅವುಗಳಲ್ಲೊಂದನ್ನು ಬೆರಳು ದಪ್ಪ ಇರುವಾಗಲೇ ತೆಗೆಯಿರಿ. ಒಂದು ವರ್ಷಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬೇಡಿ. ಚಳಿಗಾಲದ ಕೊನೆಗೆ ಕತ್ತರಿಸಿದರೆ ಗಾಯದಿಂದ ರಸ ಸುರಿಯುತ್ತದೆ. ಅದರಿಂದ ಕೇಡಿಲ್ಲ, ನೋಡಲಾಗದಿದ್ದರೆ ಜುಲೈನಲ್ಲಿ ಕತ್ತರಿಸಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಎಳೆ ಕಾಂಡಕ್ಕೆ ಬಿಳಿ ಪ್ಲಾಸ್ಟಿಕ್ ಕವಚ ಹಾಕಿ. ಚಳಿಗಾಲದ ಸಂಜೆ ಬಿಸಿಲು ನೈಋತ್ಯದ ತೊಗಟೆಯನ್ನು ಕಾಯಿಸಿ, ಕತ್ತಲಾದೊಡನೆ ಅದು ಹೆಪ್ಪುಗಟ್ಟಿ ಉದ್ದಕ್ಕೆ ಸೀಳುತ್ತದೆ. ಕವಚ ಮೊಲ, ಜಿಂಕೆಗೂ ಅಡ್ಡಿ. ವಸಂತದಲ್ಲಿ ಬಿಚ್ಚಲು ಮರೆಯಬೇಡಿ.

ಅಂಗಳ ಚಿಕ್ಕದಾದರೆ ಜಪಾನೀ ಮೇಪಲ್

ಹದಿನೈದು ಇಪ್ಪತ್ತು ಅಡಿಗೆ ನಿಲ್ಲುವ ಮರ, ಮನೆಯಿಂದ ಎಂಟು ಹತ್ತು ಅಡಿ ದೂರ ಸಾಕು. ಅಂಗಡಿಯಲ್ಲಿ ಎಲ್ಲರೂ ಎತ್ತಿಕೊಳ್ಳುವುದು ಬ್ಲಡ್‌ಗುಡ್, ಬೇಸಿಗೆಯಿಂದಲೇ ಕೆಂಪೆಲೆ. ಶರತ್ಕಾಲದ ಬಣ್ಣವೇ ಬೇಕಿದ್ದರೆ ಹಸಿರೆಲೆಯದನ್ನೇ ಕೊಳ್ಳಿ ಎನ್ನುವುದು ನಮ್ಮ ಪಟ್ಟು. ಓಸಕಾಝುಕಿ ತಳಿ ಬೇಸಿಗೆಯಿಡೀ ಸಾದಾ ಹಸಿರು. ಅಕ್ಟೋಬರ್ ಕೊನೆಗೆ ಒಂದು ವಾರದಲ್ಲಿ ಕೆಂಡವಾಗುತ್ತದೆ. ಹಳದಿ ಎಲೆ, ಹವಳದ ಬಣ್ಣದ ರೆಂಬೆ ಬೇಕೆಂದರೆ ಸಾಂಗೊಕಾಕು. ಕ್ಯೋಟೋದ ದೇವಾಲಯಗಳಲ್ಲಿ ನವೆಂಬರ್ ಎರಡನೆಯ ಅರ್ಧದಲ್ಲಿ ಜನ ಮುಗಿಬಿದ್ದು ನೋಡುವ ಮೊಮಿಜಿ ಈ ಜಾತಿಯೇ.

ನೆಡುವ ಕ್ರಮ ಅದೇ. ಬೇರೆಯಾಗುವುದು ಜಾಗ: ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಒಣಗಾಳಿಗೆ ಮರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಂಥ ಕಡೆ ಪಶ್ಚಿಮದ ಗೋಡೆಗೆ ನೆಟ್ಟರೆ ಜುಲೈಗೇ ಎಲೆಯಂಚು ಸುಡುತ್ತದೆ. ನೀರು ನಿಲ್ಲುವ ನೆಲವನ್ನು ರೆಡ್ ಮೇಪಲ್ ಸಹಿಸುತ್ತದೆ, ಇದು ಸಹಿಸುವುದಿಲ್ಲ. ಒಂದಡಿ ಗುಂಡಿಗೆ ನೀರು ತುಂಬಿ ನೋಡಿ, ಮರುದಿನವೂ ನಿಂತಿದ್ದರೆ ಬೇರೆ ಜಾಗ ಹುಡುಕಿ. ಕಸಿ ಗಿಡವಾದ್ದರಿಂದ ಗಂಟಿನ ಕೆಳಗೆ ಹೊರಟ ಚಿಗುರನ್ನು ಕಂಡ ಕೂಡಲೇ ಕಿತ್ತುಬಿಡಿ. ಬಿಟ್ಟರೆ ಕೆಲವೇ ವರ್ಷದಲ್ಲಿ ಕಸಿಗೆ ಬುಡವಾಗಿದ್ದ ಗಿಡವೇ ಮೇಲಾಗಿ, ಕೊಂಡ ತಳಿ ಅದರ ನೆರಳಲ್ಲಿ ಸಾಯುತ್ತದೆ. ಏಪ್ರಿಲ್ ಕೊನೆಯ ಹಿಮಕ್ಕೆ ಎಳೆ ಎಲೆ ಕಪ್ಪಾಗುತ್ತದೆ, ಆ ರಾತ್ರಿ ಹಳೆಯ ಬೆಡ್‌ಶೀಟ್ ಹೊದಿಸಿ. ಕುಂಡದಲ್ಲಿಟ್ಟವರು ಚಳಿ ಮೈನಸ್ 7 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಬಿಸಿ ಇಲ್ಲದ ಗ್ಯಾರೇಜಿಗೆ ಸಾಗಿಸಿ. ಕೊಂಬೆ ತಡೆಯುವ ಚಳಿಯನ್ನು ಬೇರು ತಡೆಯುವುದಿಲ್ಲ.

ಕೆಟ್ಟಾಗ

ಎಲೆಯ ಮೇಲೆ ಡಾಂಬರು ಹನಿಸಿದಂಥ ಕಪ್ಪು ಚುಕ್ಕೆ, ಅಥವಾ ಸಾಸಿವೆಯಷ್ಟು ಕೆಂಪು ಗುಳ್ಳೆ: ಎರಡಕ್ಕೂ ಔಷಧ ಬೇಡ. ಚುಕ್ಕೆ ಬಿದ್ದ ಎಲೆ ಗುಡಿಸಿ ತೆಗೆದರೆ ಸಾಕು. ಪಕ್ಕದಲ್ಲಿ ಕುದುರೆ ಸಾಕಿದವರಿದ್ದರೆ ಆ ಎಲೆ ಅತ್ತ ಹೋಗದಿರಲಿ, ಬಾಡಿದ ರೆಡ್ ಮೇಪಲ್ ಎಲೆ ಕುದುರೆಗೆ ವಿಷ.

ಬೇಸಿಗೆಯ ನಡುವೆ ಒಂದೇ ಮಗ್ಗುಲಿನ ಕೊಂಬೆ ದಿಢೀರನೆ ಬಾಡಿದರೆ, ಅದನ್ನು ಕತ್ತರಿಸಿ ತೊಗಟೆ ಸುಲಿದು ನೋಡಿ. ಮರದೊಳಗೆ ಹಸಿರುಗಂದು ಗೀರುಗಳಿದ್ದರೆ ವರ್ಟಿಸಿಲಿಯಮ್. ಮದ್ದಿಲ್ಲ. ಒಣಗಿದ್ದನ್ನು ತೆಗೆದು ನೀರು ಕೊಟ್ಟರೆ ಕೆಲವು ಮರ ವರ್ಷಗಟ್ಟಲೆ ಬದುಕುತ್ತವೆ. ಸತ್ತರೆ ಅದೇ ಜಾಗಕ್ಕೆ ಮತ್ತೆ ಮೇಪಲ್ ಬೇಡ.

ಕಾಂಡದಲ್ಲಿ ಪೆನ್ಸಿಲ್ ತೂರುವಷ್ಟು ದುಂಡನೆಯ ತೂತು, ಕೆಳಗೆ ಮರದ ಹೊಟ್ಟು ಕಂಡರೆ ರಾಜ್ಯದ ಕೃಷಿ ಇಲಾಖೆಗೆ ತಿಳಿಸಿ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮೊದಲು ಕಂಡ ಏಷ್ಯನ್ ಲಾಂಗ್‌ಹಾರ್ನ್ಡ್ ಜೀರುಂಡೆ ಇರಬಹುದು. ಮೈ ಹೊಳೆಯುವ ಕಪ್ಪು, ಬಿಳಿ ಚುಕ್ಕೆ, ಮೈಗಿಂತ ಉದ್ದದ ಮೀಸೆ.

ಒಂದು ಕೊಂಬೆ ಮಾತ್ರ ಆಗಸ್ಟಿನಲ್ಲೇ ಕೆಂಪಾದರೆ ಹಿಗ್ಗಬೇಡಿ. ಆ ಕೊಂಬೆಯ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ. ಬುಡದ ಮಲ್ಚ್ ಸರಿಸಿ, ಕಾಂಡ ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿದೆಯೇ ನೋಡಿ. ಆ ಬದಿಯಲ್ಲಿ ಅಡ್ಡಲಾಗಿ ಬೇರೊಂದು ಬಿಗಿದಿದ್ದರೆ, ಸಣ್ಣದಾಗಿದ್ದಾಗಲೇ ಉಳಿಯಿಂದ ಕಡಿದು ತೆಗೆಯಬಹುದು. ಹುಲ್ಲು ಕತ್ತರಿಸುವ ಯಂತ್ರದ ದಾರ ತೊಗಟೆಯನ್ನು ಸುತ್ತಲೂ ಕೊಯ್ದಿದ್ದರೂ ಹೀಗೇ ಆಗುತ್ತದೆ. ಅದು ಅರ್ಧ ಸುತ್ತಿಗಿಂತ ಹೆಚ್ಚಾಗಿದ್ದರೆ ಮರ ಉಳಿಯುವ ಭರವಸೆ ಕಡಿಮೆ.

ನೆಟ್ಟ ಮೊದಲ ಎರಡು ಶರತ್ಕಾಲಗಳಲ್ಲಿ ಬಣ್ಣ ಪೇಲವವಾಗಿದ್ದು, ಎಲೆ ಬೇಗ ಉದುರಿದರೆ ಏನೂ ಮಾಡಬೇಡಿ. ಬೇರು ಇನ್ನೂ ಕೂರುತ್ತಿದೆ. ಮೂರನೆಯ ವರ್ಷವೂ ಹಾಗೇ ಇದ್ದರೆ ಬುಡ ಕೆದಕಿ, ಆನೆಪಾದ ಕಾಣುತ್ತದೆಯೇ ಎಂದು ಮೊದಲು ನೋಡಿ.